ಎರಡನೆಯ ಕೆರೆಯ ಬಳಿ ಎಡಕ್ಕೆ ತಿರುಗಿದ ಮುಂದಾಳು ನಾಯಿಗೆ

ಶ್ರೀ ಪುಯೊಕ್ ಅವರಿಗೆ,
ಮುಂದಾಳು ನಾಯಿ, ಎನೋಕ್ ಗೈಸ್ಲರನ ಹಿಮಬಂಡಿ,
ಊರ ಹೊರಗಿನ ನಾಯಿಬಯಲು, ಚಪ್ಪಟೆ ಬಂಡೆಯ ಪಕ್ಕದ ಸರಪಳಿ,
ಇಲುಲಿಸಾಟ್, ಗ್ರೀನ್‌ಲ್ಯಾಂಡ್.

ವಿಷಯ: ಪ್ರವಾಸಿಗಳನ್ನು ಹಿಮಗುಡ್ಡಗಳ ನೋಟಕ್ಕೆ ಕರೆದೊಯ್ಯುವ ಬದಲು ಹೆಂಗಸೊಬ್ಬರ ಅಡುಗೆಮನೆಗೆ ಕರೆದೊಯ್ದ ಬಗ್ಗೆ.

ಮಾನ್ಯರೇ,

ಚಳಿಗಾಲವಿಡೀ ಮುಖ ಮರೆಸಿಕೊಂಡಿದ್ದ ಸೂರ್ಯ ಮತ್ತೆ ಬಂದು ತಮ್ಮ ಬಂಡೆಯನ್ನು ದಿನಕ್ಕಿಷ್ಟು ಹೊತ್ತು ಬೆಚ್ಚಗಾಗಿಸುತ್ತಿರುವ ಈ ಶುಭಸಮಯದಲ್ಲಿ ತಾವೂ, ತಮ್ಮ ನಾಲ್ಕು ಪಂಜಗಳೂ, ಬೆನ್ನಿನ ಮೇಲೆ ಸದಾ ಸುರುಳಿ ಸುತ್ತಿಕೊಂಡಿರುವ ತಮ್ಮ ಘನವಾದ ಬಾಲವೂ ಕ್ಷೇಮವೆಂದು ನಂಬಿ, ತಮ್ಮ ಹಿಂದೆ ಏದುಸಿರು ಬಿಡುತ್ತಾ ಓಡುವ ಕೆಲಸಕ್ಕೆ ನೇಮಕಗೊಂಡಿರುವ ನಾನು, ಎನೋಕ್ ಗೈಸ್ಲರ್, ಹೊಟ್ಟೆಯೊಳಗಿನ ಸಂಕಟವನ್ನು ಬಹಿರಂಗವಾಗಿ ಬರೆದುಕೊಳ್ಳುತ್ತಿದ್ದೇನೆ. ಮುಖಾಮುಖಿ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೇಳಿ ನೋಡಿದೆ. ಶನಿವಾರ ಊರಿಗೆ ಮರಳಿದ ಮೇಲೆ ತಮ್ಮೆದುರು ಹಿಮದಲ್ಲಿ ಮೊಣಕಾಲೂರಿ ಬಹಳ ಹೊತ್ತು ಮಾತಾಡಿದೆ. ತಾವು ಒಮ್ಮೆ ಆಕಳಿಸಿ, ನನ್ನ ಕೈಗವಸನ್ನು ಕಚ್ಚಿಕೊಂಡು ಹೋಗಿ ಅದರ ಮೇಲೆ ಮಲಗಿಬಿಟ್ಟಿರಿ. ಹಾಗಾಗಿ ಬರವಣಿಗೆಯೇ ಗತಿಯೆನಿಸಿತು.

ದೂರಿಗೆ ಮೊದಲು ತಮ್ಮ ಸೇವೆಯನ್ನು ನೆನೆಯದಿದ್ದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಬೇರೆ ದೇಶಗಳವರಂತೆ ನಾವು ನಾಯಿಗಳನ್ನು ಎರಡೆರಡರ ಸಾಲಿನಲ್ಲಿ ಕಟ್ಟುವವರಲ್ಲ; ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹಗ್ಗ, ಬೀಸಣಿಗೆ ಬಿಚ್ಚಿದಂತೆ ಎಲ್ಲರೂ ಹರಡಿಕೊಂಡು ಓಡುತ್ತಾರೆ, ಮತ್ತು ಎಲ್ಲರಿಗಿಂತ ಉದ್ದದ ಹಗ್ಗದ ತುದಿಯಲ್ಲಿ, ಯಾರ ಬಾಲವನ್ನೂ ನೋಡಬೇಕಾದ ಅಗತ್ಯವಿಲ್ಲದ ಜಾಗದಲ್ಲಿ, ತಾವು ಓಡುತ್ತೀರಿ. ತಾವು ತಿರುಗಿದ ಕಡೆ ಬಂಡಿ ತಿರುಗುತ್ತದೆ. ಗಾಳಿಗೆ ಹಿಮವೆದ್ದು ನನ್ನ ಮೂಗೇ ನನಗೆ ಕಾಣದಿದ್ದ ದಿನಗಳಲ್ಲಿ ತಾವು ಮನೆಯ ದಾರಿ ಹಿಡಿದು ತಂದಿದ್ದೀರಿ. ಹಗ್ಗಗಳು ಒಂದರೊಳಗೊಂದು ಹೆಣೆದುಕೊಂಡು ಜಡೆಯಾದಾಗ ಗವಸು ತೆಗೆದು ಬರಿಗೈಯಲ್ಲಿ ಬಿಡಿಸುತ್ತಾ ಕೂತ ನನ್ನ ಮೇಲೆ ತಾವು ಹಿಂಗಾಲೆತ್ತಿದ ಪ್ರಸಂಗವನ್ನು ನಾನು ದೂರೆಂದು ಪರಿಗಣಿಸುವುದಿಲ್ಲ. ಆ ಚಳಿಯಲ್ಲಿ ಬೆರಳಿಗೆ ಸ್ವಲ್ಪ ಬೆಚ್ಚಗಾಯಿತೆಂಬುದನ್ನು ಕೃತಜ್ಞತೆಯಿಂದ ಒಪ್ಪಿಕೊಳ್ಳುತ್ತೇನೆ.

ಹಾಗೆಯೇ ಪ್ರವಾಸಿಗಳ ವಿಷಯದಲ್ಲಿ ತಾವು ತೋರಿದ ಔದಾರ್ಯವೂ ಸಣ್ಣದಲ್ಲ. ನಮ್ಮ ಪ್ರವಾಸ ಸಂಸ್ಥೆಯ ಒಡತಿ ಅಚ್ಚು ಹಾಕಿಸಿರುವ ಬಣ್ಣದ ಹಾಳೆಯಲ್ಲಿ ‘ಉತ್ತರದ ನಿರ್ಮಲ ಗಾಳಿ, ಮೌನ, ಮನುಷ್ಯನ ಸುಳಿವಿಲ್ಲದ ಹಿಮದ ಬಯಲು’ ಎಂದಿದೆ. ಬಂಡಿಯ ಮುಂದುಗಡೆ ಹಿಮಸಾರಂಗದ ಚರ್ಮದ ಮೇಲೆ ಕೂತ ಅತಿಥಿಗಳಿಗೆ ಮೊದಲ ಏರು ಹತ್ತುವಷ್ಟರಲ್ಲಿ ಆ ನಿರ್ಮಲ ಗಾಳಿ ತಮ್ಮ ಬಳಗದವರ ಹಿಂಭಾಗದ ಮೂಲಕ ಹಾದುಬರುತ್ತದೆ ಎಂಬುದನ್ನು ಹಾಳೆಯಲ್ಲಿ ಹೇಳಿಲ್ಲ. ಹಿಂದಿನ ದಿನ ತಿಂದ ಮೀನು ಯಾವುದೆಂದು ಕೂಡ ಮೂಗಿದ್ದವರು ಹೇಳಬಹುದು. ಆದರೂ ಒಬ್ಬ ಅತಿಥಿಯೂ ಹಣ ವಾಪಸು ಕೇಳಿಲ್ಲ. ಎಲ್ಲರೂ ಕಣ್ಣೊರೆಸಿಕೊಂಡು ಅದ್ಭುತವೆನ್ನುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ದಾರಿ ತಮಗೆ ಗೊತ್ತಿಲ್ಲದ್ದಲ್ಲ: ಊರಿನಿಂದ ಏರು, ಮೊದಲನೆಯ ಕೆರೆ, ಮತ್ತೆ ಏರು, ಎರಡನೆಯ ಕೆರೆ. ಆ ಕೆರೆಯ ಹೆಪ್ಪಿನ ಮೇಲೆ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಗುಡ್ಡದ ತುದಿ. ಅಲ್ಲಿ ನಿಂತರೆ ಕೆಳಗೆ ಸಮುದ್ರದ ತೋಳಿನ ತುಂಬ ಹಿಮಗುಡ್ಡಗಳು ಒಂದಕ್ಕೊಂದು ಒರಗಿ ನಿಂತಿರುವುದು ಕಾಣುತ್ತದೆ, ಅದನ್ನು ನೋಡಲೆಂದೇ ಜನ ಭೂಮಿಯ ಆ ಬದಿಯಿಂದ ಬರುತ್ತಾರೆ, ಅಲ್ಲಿ ನಾನು ಒಲೆ ಹಚ್ಚಿ ಸೀಲ್ ಮಾಂಸದ ಸಾರು ಕೊಡುತ್ತೇನೆ, ಅವರು ಎರಡು ಚಮಚ ಕುಡಿದು ಬಹಳ ರುಚಿಯಾಗಿದೆ ಎಂದು ಹೇಳಿ ಉಳಿದದ್ದನ್ನು ನಾನು ಆ ಕಡೆ ತಿರುಗಿದಾಗ ತಮಗೆ ಹಾಕುತ್ತಾರೆ. ಎಡಕ್ಕೆ ಹೋದರೆ ನುವಾರ್ಸುಕ್. ಒಂದು ಹಿಡಿ ಮನೆಗಳು, ಒಂದು ಚರ್ಚು, ಒಂದು ಅಂಗಡಿ. ನೋಡುವುದಕ್ಕೆ ಅಲ್ಲೇನೂ ಇಲ್ಲ.

ನೋಡುವುದಕ್ಕೆ ಅಲ್ಲೇನೂ ಇಲ್ಲ ಎಂದು ಬರೆದದ್ದು ಸುಳ್ಳೆಂದು ತಮಗೂ ಗೊತ್ತು. ಆ ಅಂಗಡಿಯನ್ನು ನಡೆಸುವವರು ರೆಗಿನೆ. ಹೋದ ವರ್ಷದ ಚಳಿಗಾಲದಲ್ಲಿ ಹೆಲಿಕಾಪ್ಟರು ಹಾರದ ವಾರಗಳಲ್ಲೆಲ್ಲ ಅವರ ಅಂಗಡಿಗೆ ಹಿಟ್ಟು, ಸಕ್ಕರೆ, ಸೀಮೆಎಣ್ಣೆ ಹೇರಿಕೊಂಡು ಹೋದವರು ನಾವೇ. ಸಾಮಾನು ಇಳಿಸಿದ ಮೇಲೆ ಅವರು ಪಕ್ಕದಲ್ಲೇ ಇರುವ ಸ್ವಂತ ಮನೆಯ ಮೆಟ್ಟಿಲ ಮೇಲೆ ನಿಂತು ಒಣಮೀನನ್ನು ಒಬ್ಬೊಬ್ಬರಿಗೂ ಹೆಸರು ಹಿಡಿದು ಕರೆದು ಎಸೆಯುತ್ತಿದ್ದರು, ತಮಗೆ ಮಾತ್ರ ಕೈಯಿಂದಲೇ ಕೊಡುತ್ತಿದ್ದರು. ಆಮೇಲೆ ನನಗೆ ಒಳಗೆ ಕಾಫಿ. ಒಂದು ಇಡೀ ಚಳಿಗಾಲ ಆ ಅಡುಗೆಮನೆಯಲ್ಲಿ ಕೂತು ನಾನು ಆಡಿದ ಮಾತುಗಳನ್ನು ಹೇಳಬೇಕೆಂದರೆ ಹೀಗೆ: ಕಾಫಿ ಚೆನ್ನಾಗಿದೆ, ನಾಳೆ ಹಿಮ ಬೀಳಬಹುದು, ಬರ್ತೀನಿ. ನಾಯಿಗಳೊಡನೆ ನನಗೆ ಮಾತು ಧಾರಾಳ. ಮನುಷ್ಯರೆದುರು, ಅದರಲ್ಲೂ ಒಬ್ಬರೆದುರು, ನಾಲಿಗೆ ಹೆಪ್ಪುಗಟ್ಟುತ್ತದೆ.

ರೆಗಿನೆಯವರು ಹೊರಟಿದ್ದಾರೆ. ರಾಜಧಾನಿಯಲ್ಲಿರುವ ಅಕ್ಕ ಅಲ್ಲಿಯ ದೊಡ್ಡ ಅಂಗಡಿಯೊಂದರಲ್ಲಿ ಅವರಿಗೆ ಕೆಲಸ ನೋಡಿದ್ದಾರಂತೆ. ಸಮುದ್ರದ ಹೆಪ್ಪು ಒಡೆದು ಮೊದಲ ಹಡಗು ಬಂದ ಕೂಡಲೇ ಅದರಲ್ಲಿ ಹೋಗುತ್ತಾರಂತೆ. ಇದನ್ನು ನನಗೆ ಹೇಳಿದವರು ಅವರೇ, ಈ ಸಲದ ಕ್ರಿಸ್‌ಮಸ್ ಹಬ್ಬಕ್ಕೆ ಮುಂಚಿನ ಸಾಗಣೆಯ ದಿನ, ಕಾಫಿ ಬಗ್ಗಿಸುತ್ತಾ. ಹೇಳಿ, ಕೆಟಲನ್ನು ಕೆಳಗಿಡದೆ ನನ್ನ ಮುಖ ನೋಡಿದರು. ನಾನು ಬಹಳ ಯೋಚಿಸಿ, ರಾಜಧಾನಿಯಲ್ಲಿ ಮಳೆ ಜಾಸ್ತಿ ಎಂದೆ. ಅಂದಿನಿಂದ ಆ ಕಡೆ ತಲೆ ಹಾಕಿಲ್ಲ. ಹೆಲಿಕಾಪ್ಟರು ಹಾರುತ್ತಿದೆ, ಸಾಗಣೆ ನಿಂತಿದೆ, ಹೋಗಲು ನನಗೆ ನೆಪವಿರಲಿಲ್ಲ, ಮತ್ತು ನೆಪವಿಲ್ಲದೆ ಹೋಗುವಷ್ಟು ಗುಂಡಿಗೆ ನನ್ನಲ್ಲಿಲ್ಲ. ಹಡಗು ಬರುವುದಕ್ಕೆ ಇನ್ನು ಬಹಳ ದಿನವೂ ಇಲ್ಲ.

ಇಷ್ಟೆಲ್ಲ ತಿಳಿದೂ, ಅಥವಾ ತಿಳಿದೇ, ತಾವು ಶನಿವಾರ ಮಾಡಿದ್ದೇನು? ನಮ್ಮದು ಮುಂದಿನ ಬಂಡಿ, ಹಿಂದೆ ನನ್ನ ಜೊತೆಯ ಬಂಡಿಗಾರ ಸೆವೆರಿನ್‌ನದು, ಅವನ ಹಿಂದೆ ಅವನ ತಮ್ಮನದು, ಬಂಡಿಗಿಬ್ಬರಂತೆ ಅತಿಥಿಗಳು. ನನ್ನ ಬಂಡಿಯಲ್ಲಿ ಹಾಲೆಂಡಿನ ನಿವೃತ್ತ ದಂತವೈದ್ಯರೂ ಅವರ ಪತ್ನಿಯೂ ಕೂತಿದ್ದರು. ಎರಡನೆಯ ಕೆರೆಯ ಬಳಿ ನಾನು ಬಲಕ್ಕೆಂದು ಕೂಗಿದೆ. ತಮ್ಮ ಕಿವಿ ನನ್ನ ಕಡೆ ಹೊರಳಿದ್ದನ್ನು ಈ ಕಣ್ಣುಗಳಿಂದ ನೋಡಿದೆ. ಅಂದರೆ ಕೇಳಿಸಿತು. ಕೇಳಿಸಿದ ಮೇಲೆ, ಮೇಲಧಿಕಾರಿಗಳು ಅರ್ಜಿಯನ್ನು ಸ್ವೀಕರಿಸಿ ಪಕ್ಕಕ್ಕಿಡುವಷ್ಟೇ ಗಾಂಭೀರ್ಯದಿಂದ, ತಾವು ಎಡಕ್ಕೆ ತಿರುಗಿದಿರಿ. ಚಾಟಿಯನ್ನು ಎಡಗಡೆ ಹಿಮಕ್ಕೆ ಬೀಸಿ ಸದ್ದು ಮಾಡಿದೆ. ತಾವು ವೇಗ ಹೆಚ್ಚಿಸಿದಿರಿ. ಬಂಡಿಯಿಂದಿಳಿದು ಅದರ ಹಿಂಬದಿಯ ಕಂಬಿ ಹಿಡಿದು ಹಿಂದಕ್ಕೆಳೆದೆ. ಹಿಮದಲ್ಲಿ ಹೊಟ್ಟೆಯಡಿಯಾಗಿ ಸ್ವಲ್ಪ ದೂರ ಪ್ರಯಾಣ ಮಾಡಿದೆ. ದಂತವೈದ್ಯರ ಪತ್ನಿ ಇದೂ ಕಾರ್ಯಕ್ರಮದಲ್ಲಿದೆಯೆಂದು ತಿಳಿದು ಚಪ್ಪಾಳೆ ತಟ್ಟಿದರು.

ಹಿಂದಿನ ಬಂಡಿಗಳು ಮುಂದಿನದನ್ನು ಹಿಂಬಾಲಿಸುತ್ತವೆ, ಅದು ನಾಯಿಗಳ ಧರ್ಮ. ಆದರೆ ಸೆವೆರಿನ್ ಮನಸ್ಸು ಮಾಡಿದ್ದರೆ ತನ್ನವರನ್ನು ತಡೆಯಬಹುದಿತ್ತು. ಅವನು ತಡೆಯಲಿಲ್ಲ. ನಗುವುದರಲ್ಲಿ ಮಗ್ನನಾಗಿದ್ದ. “ಲೋ ಎನೋಕ್, ನೋಟ ಈ ಕಡೆಗೆ ಬದಲಾಯ್ತೇನೋ? ಯಾರೂ ನಮಗೆ ಹೇಳ್ಲೇ ಇಲ್ವಲ್ಲ” ಎಂದು ಕೆರೆಯಿಡೀ ಕೇಳುವಂತೆ ಕೂಗಿದ. ನಾನು ಬಾಯಲ್ಲಿ ತುಂಬಿದ್ದ ಹಿಮವನ್ನು ಉಗಿಯುತ್ತಿದ್ದರಿಂದ ತಕ್ಕ ಉತ್ತರ ಕೊಡಲಾಗಲಿಲ್ಲ.

ಹೀಗೆ ತಾವು ಮೂರು ಬಂಡಿ, ಮೂವತ್ತಕ್ಕೂ ಹೆಚ್ಚು ನಾಯಿ, ಆರು ಮಂದಿ ಪರದೇಶದವರು ಮತ್ತು ಹಿಮ ಮೆತ್ತಿಕೊಂಡ ಒಬ್ಬ ಯಜಮಾನನನ್ನು ಎಳೆದುಕೊಂಡು ಹೋಗಿ, ಚರ್ಚಿನ ಮುಂದೆ ನಿಲ್ಲದೆ, ಅಂಗಡಿಯ ಮುಂದೂ ನಿಲ್ಲದೆ, ನೇರ ರೆಗಿನೆಯವರ ಮನೆಯ ಮೆಟ್ಟಿಲ ಬುಡದಲ್ಲಿ ನಿಂತು, ಕೂತು, ಬಾಗಿಲ ಕಡೆ ಮುಖವೆತ್ತಿ ಉದ್ದವಾಗಿ ಊಳಿಟ್ಟಿರಿ. ಬಾಗಿಲು ತೆರೆಯಿತು. ಅವರು ಹಿಟ್ಟಿನ ಕೈಯಲ್ಲೇ ಬಂದಿದ್ದರು. ನನ್ನನ್ನು ನೋಡಿದರು, ನನ್ನ ಹಿಂದಿದ್ದ ಜನವನ್ನು ನೋಡಿದರು, ಆಮೇಲೆ ತಮ್ಮ ಕಡೆ ನೋಡಿ, “ನೀನಾದ್ರೂ ಬಂದ್ಯಲ್ಲಪ್ಪಾ” ಎಂದರು. ಆ ‘ಆದರೂ’ ಯಾರಿಗೆಂದು ತಮಗೆ ಅರ್ಥವಾಗಿರಲಿಕ್ಕಿಲ್ಲ. ನನಗಾಯಿತು.

ಮಂಜಿನಲ್ಲಿ ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಎಲ್ಲರಿಗೂ ಒಳಗೆ ಬರಹೇಳಿದರು. ಎಲ್ಲರೂ ಬೂಟು ಬಿಚ್ಚಿ ಬಾಗಿಲ ಬಳಿ ಬಿಟ್ಟರು. ನಡೆದ ಅನಾಹುತಕ್ಕೆ ಮೂಲ ಆ ಬೂಟುಗಳು. ತಾವು ಸದಾ ಹೊರಗೆ ಕಟ್ಟಿಸಿಕೊಳ್ಳುವವರಾದ್ದರಿಂದ ಕಾಫಿಮಿಕ್ ಎಂಬ ನಮ್ಮ ಆಚಾರದ ಒಳಸೂಕ್ಷ್ಮಗಳು ತಮಗೆ ತಿಳಿದಿರಲಾರವು. ಒಂದಿಷ್ಟು ಅರಿಕೆ ಮಾಡಿಕೊಳ್ಳುತ್ತೇನೆ. ಹುಟ್ಟುಹಬ್ಬವೋ, ಮಗು ಶಾಲೆಗೆ ಸೇರಿದ್ದೋ, ಹುಡುಗ ಮೊದಲ ಸೀಲ್ ಬೇಟೆಯಾಡಿದ್ದೋ, ನಿಶ್ಚಿತಾರ್ಥವೋ ಇದ್ದರೆ ಆ ಮನೆಯವರು ಕಾಫಿಮಿಕ್ ಇಡುತ್ತಾರೆ: ದಿನವಿಡೀ ಬಾಗಿಲು ತೆರೆದಿರುತ್ತದೆ, ಊರಿಗೆ ಊರೇ ಬರುತ್ತದೆ, ಕಾಫಿ ಕುಡಿದು, ಕೇಕು ತಿಂದು, ಉಡುಗೊರೆ ಕೊಟ್ಟು, ಮುಂದಿನವರಿಗೆ ಜಾಗ ಬಿಟ್ಟು ಏಳುತ್ತದೆ. ಯಾರ ಮನೆಯಲ್ಲಿ ಕಾಫಿಮಿಕ್ ಎಂದು ಹುಡುಕುವ ಕಷ್ಟವಿಲ್ಲ. ಯಾವ ಬಾಗಿಲಲ್ಲಿ ಬೂಟುಗಳ ರಾಶಿಯಿದೆಯೋ, ಮುಂದೆ ಬಂಡಿಗಳು ನಿಂತಿವೆಯೋ, ಆ ಮನೆ.

ನುವಾರ್ಸುಕ್‌ನಲ್ಲಿ ಅಂದು ಮಧ್ಯಾಹ್ನ ಕಿಟಕಿಯಿಂದ ಹೊರಗೆ ನೋಡಿದವರೆಲ್ಲರಿಗೂ ಕಂಡದ್ದು ರೆಗಿನೆಯ ಮನೆಯ ಮುಂದೆ ಮೂರು ಬಂಡಿ ಮತ್ತು ಬಾಗಿಲು ಮುಚ್ಚಲಾಗದಷ್ಟು ಬೂಟು. ಕರೆದದ್ದನ್ನು ಮರೆತುಬಿಟ್ಟೆವಲ್ಲ, ಊರು ಬಿಟ್ಟು ಹೋಗುತ್ತಿರುವ ಹೆಂಗಸು ಏನೆಂದುಕೊಂಡಾಳು ಎಂದು ಗಾಬರಿಯಾಗಿ, ಸಿಕ್ಕಿದ್ದನ್ನು ಬಣ್ಣದ ಕಾಗದದಲ್ಲಿ ಸುತ್ತಿಕೊಂಡು, ತಮ್ಮ ತಮ್ಮ ಮನೆಯ ಕೇಕನ್ನು ಕತ್ತರಿಸದೆ ತಟ್ಟೆಯ ಸಮೇತ ಎತ್ತಿಕೊಂಡು ಹೊರಟರು. ಅವರು ಹೊರಟದ್ದನ್ನು ಕಂಡು ಪಕ್ಕದ ಮನೆಯವರು ಹೊರಟರು. ಮೊದಲು ಬಂದವರು ಚರ್ಚಿನ ಉಪದೇಶಿಗಳು ಮತ್ತು ಅವರ ಹೆಂಡತಿ. ಒಳಗೆ ಬಂದು ರೆಗಿನೆಯ ಕೈ ಕುಲುಕಿ, “ಬಹಳ ಸಂತೋಷ, ಬಹಳ ಸಂತೋಷ” ಎಂದು ಮಾತ್ರ ಹೇಳಿ ಕೂತರು. ಯಾತರ ಸಂತೋಷವೆಂದು ಕೇಳುವ ಹಾಗಿಲ್ಲ. ಕೇಳಿದರೆ ಮರೆತದ್ದು ಬಯಲಾಗುತ್ತದೆ.

ರೆಗಿನೆಯವರಾದರೂ ಇಲ್ಲಪ್ಪಾ ಇದು ಕಾಫಿಮಿಕ್ ಅಲ್ಲ ಎಂದು ಹೇಳಬಹುದಿತ್ತು. ಆದರೆ ಉಡುಗೊರೆ ಹಿಡಿದು ಬಂದವರನ್ನು ಹಾಗೆ ಅವಮಾನ ಮಾಡುವುದು ಹೇಗೆ? ಅವರು ಇನ್ನೊಂದು ಕೆಟಲಿಗೆ ನೀರಿಟ್ಟರು. ನಾನು ಕಪ್ಪು ತೊಳೆಯಲು ನಿಂತೆ, ಯಾಕೆಂದರೆ ತೊಳೆಯುತ್ತಿರುವಾಗ ಬೆನ್ನು ಜನಕ್ಕಿರುತ್ತದೆ. ಬೆನ್ನ ಹಿಂದೆ ಊರಿನ ಪಿಸುಮಾತು ಕೇಳಿಸುತ್ತಿತ್ತು. “ಹುಟ್ಟುಹಬ್ಬ ಇರಬೇಕು ಕಣೇ.” “ಅವಳದ್ದು ಬೇಸಿಗೇಲಿ, ನಂಗೊತ್ತಿಲ್ವಾ?” “ಹೊರಡೋ ಕಾಫಿ ಇರ್ಬಹುದು.” “ಹೊರಡೋ ಕಾಫಿಗೆ ಈ ಎನೋಕ್ ಯಾಕೆ ಕಪ್ಪು ತೊಳೀತಾನೆ?” ಇದರ ನಂತರ ಇಡೀ ಊರು ನನ್ನ ಬೆನ್ನನ್ನು ಹೊಸದಾಗಿ ನೋಡುತ್ತಿರುವುದು ನನ್ನ ಅಂಗಿಯ ಮೂಲಕ ಗೊತ್ತಾಗುತ್ತಿತ್ತು. ಸೆವೆರಿನ್ ಮೂರನೆಯ ಕೇಕಿನ ತುಂಡು ಬಾಯಲ್ಲಿಟ್ಟುಕೊಂಡು ಯಾರ ಸಂಶಯವನ್ನೂ ಪರಿಹರಿಸದೆ ಕೂತಿದ್ದ.

ಪ್ರವಾಸಿಗಳ ಆನಂದವನ್ನು ನಾನು ವರ್ಣಿಸಲಾರೆ. ದಂತವೈದ್ಯರು ತಿನ್ನಲೆಂದು ಕೊಟ್ಟ ತಿಮಿಂಗಿಲದ ಹಸಿ ಚರ್ಮದ ತುಣುಕನ್ನು ಅಗಿದು ಅಗಿದು, ಹಲ್ಲಿಗೆ ಇಂಥ ಒಳ್ಳೆಯ ವ್ಯಾಯಾಮ ತಮ್ಮ ವೃತ್ತಿಜೀವನದಲ್ಲೇ ಕಂಡಿಲ್ಲವೆಂದರು. ಅವರ ಪತ್ನಿಯ ತೊಡೆಯ ಮೇಲೆ ಯಾರದೋ ಮಗು ನಿದ್ದೆ ಹೋಗಿತ್ತು. ಮನುಷ್ಯನ ಸುಳಿವಿಲ್ಲದ ಹಿಮದ ಬಯಲಿಗೆಂದು ಬಂದ ಆರು ಜನ ಮನುಷ್ಯರ ನಡುವೆ ಮೊಣಕೈ ಆಡಿಸಲಾಗದಂತೆ ಸಿಕ್ಕಿಕೊಂಡು ಕೆಂಪಗೆ ನಗುತ್ತಿದ್ದರು.

ಆಗ ಜುದಿತೆ ಅಜ್ಜಿ ಬಂದರು. ಊರಿನಲ್ಲಿ ಎಲ್ಲರಿಗಿಂತ ಹಿರಿಯರು, ಮರೆಯುವ ಹಕ್ಕನ್ನು ವಯಸ್ಸಿನಿಂದ ಸಂಪಾದಿಸಿಕೊಂಡವರು. ಅವರಿಗೆ ನಾಚಿಕೆಯೇನೂ ಇಲ್ಲ. ಕುರ್ಚಿಯಲ್ಲಿ ಕೂತು, ಕೈಯಲ್ಲಿದ್ದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, “ನನಗೆ ಯಾರೂ ಏನೂ ಹೇಳಿಲ್ಲ. ಉಣ್ಣೆ ಗವಸು ತಂದಿದೀನಿ. ಇದನ್ನ ಯಾರ ಕೈಗೆ ಕೊಡ್ಲಿ? ಏನು ವಿಶೇಷ ಇವತ್ತು?” ಎಂದರು. ಅಷ್ಟೂ ಜನ ಕಪ್ಪು ಕೆಳಗಿಟ್ಟು ಕಿವಿಗೊಟ್ಟರು; ಕೇಳಬೇಕೆಂದಿದ್ದ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದಾಗ ಆಗುವ ಸಮಾಧಾನ ಎಲ್ಲರ ಮುಖದಲ್ಲಿತ್ತು. ರೆಗಿನೆ ಒಲೆಗೆ ಒರಗಿ, ಕೈ ಕಟ್ಟಿ, ನನ್ನನ್ನು ನೋಡಿದರು. “ಎನೋಕ್ ಅವರನ್ನ ಕೇಳಿ ಅಜ್ಜಿ. ಬಂದಿರೋದು ಅವರು” ಎಂದರು.

ಮಾನ್ಯರೇ, ಒಂದು ಜೀವಮಾನದಲ್ಲಿ ಅಂಥ ಬಾಗಿಲು ಎಷ್ಟು ಸಲ ತೆರೆಯುತ್ತದೆ? ಊರೆಲ್ಲ ಉಡುಗೊರೆ ಹಿಡಿದು ಕೂತಿದೆ. ಕೇಕುಗಳನ್ನು ಕತ್ತರಿಸಿಯಾಗಿದೆ. ಉಪದೇಶಿಗಳೂ ಇದ್ದಾರೆ. ನಾನು ಒಂದು ವಾಕ್ಯ ಹೇಳಿದ್ದರೆ ಸಾಕಾಗಿತ್ತು, ಅದಕ್ಕೆ ವ್ಯಾಕರಣವೂ ಬೇಕಿರಲಿಲ್ಲ. ನಾನು ಕೈಯಲ್ಲಿದ್ದ ಕಪ್ಪನ್ನು ಒರೆಸಿದೆ. ಮತ್ತೆ ಒರೆಸಿದೆ. ಕಿಟಕಿಯಾಚೆ ತಾವು ಕೂತಿದ್ದಿರಿ. “ನಾಯಿದು” ಎಂದೆ. “ಪುಯೊಕ್‌ನ ಹುಟ್ಟುಹಬ್ಬ.”

ಆಮೇಲೆ ನಡೆದ ಗೌರವಕ್ಕೆ ತಾವೇ ಸಾಕ್ಷಿ. ನುವಾರ್ಸುಕ್‌ನ ಜನ ಸಭ್ಯರು, ಒಬ್ಬರೂ ನಗಲಿಲ್ಲ. ಕೋಟು ತೊಟ್ಟು, ಬೂಟು ಹುಡುಕಿ ಹಾಕಿಕೊಂಡು, ಸಾಲಾಗಿ ಹೊರಗೆ ಬಂದು ತಮಗೆ ಶುಭ ಹೇಳಿದರು. ಉಪದೇಶಿಗಳು ತಮ್ಮ ದೀರ್ಘಾಯುಷ್ಯದ ಬಗ್ಗೆ ಚಿಕ್ಕ ಭಾಷಣ ಮಾಡಿದರು, ಭಾಷಣದ ನಡುವೆ ತಾವು ಬೆನ್ನು ತುರಿಸಿಕೊಂಡಿರಿ. ಉಡುಗೊರೆಗಳಾಗಿ ತಮಗೆ ಎರಡು ಕಾಫಿ ಕಪ್ಪು, ಒಂದು ಮೇಣದಬತ್ತಿ, ಕಿಟಕಿಯ ಪರದೆ, ಮುಖಕ್ಕೆ ಹಚ್ಚುವ ಕ್ರೀಮು ಮತ್ತು ಜುದಿತೆ ಅಜ್ಜಿಯ ಉಣ್ಣೆ ಗವಸು ಸಂದವು. “ಗವಸು ಎರಡೇ ಇದೆ, ಇವನಿಗೆ ಕಾಲು ನಾಲ್ಕು” ಎಂದು ಅಜ್ಜಿ ಪೇಚಾಡಿಕೊಂಡರು. “ಇನ್ನೆರಡು ಹೆಣೆದಿಡ್ತೀನಿ. ಮೊದಲೇ ಹೇಳೋದಲ್ವಾ ಮಗಾ.” ಕ್ರೀಮನ್ನು ತಾವು ಡಬ್ಬಿಯ ಸಮೇತ ಸ್ವೀಕರಿಸಿದಿರಿ.

ಎಲ್ಲರೂ ಹೋದ ಮೇಲೆ ರೆಗಿನೆಯವರು ಮೆಟ್ಟಿಲಿಳಿದು ಬಂದು ತಮ್ಮ ಪಕ್ಕ ಕುಕ್ಕುರುಗಾಲಲ್ಲಿ ಕೂತು ಕಿವಿಯ ಹಿಂದೆ ಕೆರೆದರು. ನಾನು ಗಂಟಿಲ್ಲದ ಹಗ್ಗದ ಗಂಟು ಬಿಡಿಸುತ್ತಿದ್ದೆ. ಅವರು ತಮ್ಮನ್ನೇ ನೋಡುತ್ತಾ, “ಮುಂದಿನ ವರ್ಷ ಇವನ ಹುಟ್ಟುಹಬ್ಬಕ್ಕೆ ಕಾಫಿ ಯಾರು ಮಾಡ್ತಾರೆ?” ಎಂದು ಕೇಳಿದರು. ಇದಕ್ಕಿಂತ ಮೆತ್ತಗೆ, ಇದಕ್ಕಿಂತ ಸ್ಪಷ್ಟವಾಗಿ ಒಂದು ಹೆಣ್ಣು ಕೇಳಲಾರಳು. ಕಲ್ಲಾಗಿದ್ದರೆ ಅದೂ ಉತ್ತರ ಕೊಡುತ್ತಿತ್ತು. ನಾನೂ ಕೊಟ್ಟೆ. “ನಾಯಿಗಳಿಗೆ ವರ್ಷಾ ವರ್ಷ ಮಾಡೋ ಪದ್ಧತಿ ನಮ್ಮಲ್ಲಿಲ್ಲ” ಎಂದೆ. ಅವರು ಎದ್ದು, ಕೈಯ ಹಿಮ ಕೊಡವಿ, “ಹಾಗಾದ್ರೆ ಸರಿ” ಎಂದು ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಇವತ್ತಿಗೂ ನನ್ನ ಎದೆಯಲ್ಲಿದೆ. ತಮಗೆ ಅಳು ಬರುವುದಿಲ್ಲವೆಂದು ಓದಿದ್ದೇನೆ, ಅದೃಷ್ಟವಂತರು.

ಮರಳುವ ದಾರಿಯಲ್ಲಿ ಹಿಮಗುಡ್ಡಗಳ ನೋಟಕ್ಕೆ ಹೊತ್ತಿರಲಿಲ್ಲ. ಸೆವೆರಿನ್ ತನ್ನ ಬಂಡಿಯನ್ನು ನನ್ನ ಬಂಡಿಯ ಪಕ್ಕಕ್ಕೆ ತಂದು, ನಗದೆ, ಅವನ ಮಟ್ಟಿಗೆ ಅದು ಅಪರೂಪ, “ನಿನ್ನ ನಾಯಿಗಿರೋ ಬುದ್ಧಿ ನಿನಗಿದ್ದಿದ್ರೆ ಇಷ್ಟೊತ್ತಿಗೆ ಆ ಮನೇಲಿ ನಿನ್ನ ಬೂಟು ಒಂದೇ ಇರ್ತಿತ್ತಲ್ಲೋ” ಎಂದ. ನಾನು ನಾಳೆ ಹಿಮ ಬೀಳಬಹುದು ಎಂದೆ.

ಇನ್ನು ನಮ್ಮ ಒಡತಿಯ ಮಾತು. ಹಣ ಕೊಟ್ಟವರು ಕೆರಳಿ ನನ್ನ ಕೆಲಸಕ್ಕೇ ಸಂಚಕಾರ ಬಂದೀತೆಂದು ಸೋಮವಾರ ಹೆದರಿಕೊಂಡೇ ಹೋದೆ. ಅತಿಥಿಗಳು ಬರೆದುಕೊಟ್ಟು ಹೋದ ಅಭಿಪ್ರಾಯಗಳನ್ನು ಆಕೆ ನನಗೆ ಓದಿ ಹೇಳಿದಳು: ಉತ್ತರದ ನಿಸರ್ಗದಲ್ಲಿ ಅತ್ಯಂತ ರಮಣೀಯವಾದದ್ದು ರೆಗಿನೆಯವರ ಅಡುಗೆಮನೆ, ಮಾರ್ಗದರ್ಶಕ ಮಿತಭಾಷಿ, ಮುಂದಾಳು ನಾಯಿ ಅನುಭವಿ ಮತ್ತು ಆತಿಥ್ಯಪ್ರಿಯ. ಮುಂದಿನ ಋತುವಿನಿಂದ ಪ್ರತಿ ಶನಿವಾರ ತಮ್ಮ ಹುಟ್ಟುಹಬ್ಬವನ್ನು ಕಾರ್ಯಕ್ರಮಕ್ಕೆ ಸೇರಿಸುವ ಯೋಚನೆ ಆಕೆಗಿದೆ. “ಆ ಹೆಂಗಸನ್ನ ಒಪ್ಪಿಸೋ ಜವಾಬ್ದಾರಿ ನಿಂದು” ಎಂದು ನನಗೆ ಅಪ್ಪಣೆಯಾಗಿದೆ. ಆ ಹೆಂಗಸು ಮುಂದಿನ ಋತುವಿಗೆ ಇಲ್ಲಿರುವುದಿಲ್ಲವೆಂದು ನಾನು ಹೇಳಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆಯೆಂಬ ಭಯ.

ಆದಕಾರಣ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಮೇಲ್ಕಂಡ ಅವಿಧೇಯತೆಗಾಗಿ ತಮ್ಮನ್ನು ಮುಂದಾಳಿನ ಉದ್ದ ಹಗ್ಗದಿಂದ ತೆಗೆದು ಬೀಸಣಿಗೆಯ ನಡುವಿಗೆ, ಆ ಹೊಟ್ಟೆಬಾಕರ ಜೊತೆಗೆ ಹಾಕಬೇಕೆಂದು ಮೊದಲು ಯೋಚಿಸಿದ್ದೆ. ಆಮೇಲೆ ಆ ಶಿಕ್ಷೆ ಯಾರಿಗೆ ಸಲ್ಲಬೇಕೆಂದು ಮತ್ತೆ ಯೋಚಿಸಿದೆ. ತಾವು ತಮ್ಮ ಪಾಲಿನ ಕೆಲಸವನ್ನು ಬಾಗಿಲವರೆಗೆ ಪೂರೈಸಿದ್ದೀರಿ. ಬಾಗಿಲಿನಿಂದ ಒಲೆಯವರೆಗಿನ ನಾಲ್ಕು ಹೆಜ್ಜೆ ನನ್ನ ಪಾಲಿನದಾಗಿತ್ತು. ಹಾಗಾಗಿ ನನ್ನ ಕೋರಿಕೆಯನ್ನು ಬದಲಿಸಿದ್ದೇನೆ. ದಯವಿಟ್ಟು ಮಾತಾಡಲು ಕಲಿಯಿರಿ. ಬಹಳ ಬೇಡ, ಒಂದೇ ವಾಕ್ಯ ಸಾಕು. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತೇನೆ. ಅದು ತಮ್ಮಿಂದಾಗದಿದ್ದರೆ ಸಮುದ್ರದ ಹೆಪ್ಪಿಗೆ ಹೇಳಿ ಇನ್ನೊಂದಿಷ್ಟು ದಿನ ಗಟ್ಟಿಯಾಗಿರಿಸಿ, ಹಡಗಿನ ಕಪ್ತಾನನನ್ನು ಕಚ್ಚಿ, ಅಥವಾ ರಾಜಧಾನಿಯನ್ನು ಇನ್ನೂ ಸ್ವಲ್ಪ ದೂರಕ್ಕೆ ಎಳೆದುಹಾಕಿ. ತಮ್ಮ ಬಳಗಕ್ಕೆ ಎಳೆಯುವುದು ಹೊಸದೇನಲ್ಲ.

ಇವು ಯಾವುವೂ ಸಾಧ್ಯವಿಲ್ಲವೆಂದಾದರೆ, ನಾಳೆ ಬೆಳಿಗ್ಗೆ ಬೇಗ ಎದ್ದು ಸಿದ್ಧರಾಗಿರಿ. ಬಂಡಿಯಲ್ಲಿ ಪ್ರವಾಸಿಗಳಿರುವುದಿಲ್ಲ, ಸೆವೆರಿನ್ ಹಿಂದೆ ಬರುವುದಿಲ್ಲ, ಹಿಟ್ಟು ಸಕ್ಕರೆಯ ಮೂಟೆಯೂ ಇರುವುದಿಲ್ಲ. ನೆಪವೆನ್ನುವಂಥದ್ದು ಏನೂ ಇರುವುದಿಲ್ಲ. ಎರಡನೆಯ ಕೆರೆಯ ಬಳಿ ನಾನು ಏನನ್ನೂ ಕೂಗುವುದಿಲ್ಲ.

ಇಷ್ಟರ ಮೇಲೂ ತಾವು ಬಲಕ್ಕೆ ತಿರುಗಿದರೆ ಮಾತ್ರ ನಮ್ಮಿಬ್ಬರ ಸಂಬಂಧ ಕೆಡುತ್ತದೆಯೆಂದು ಈ ಮೂಲಕ ತಿಳಿಯಪಡಿಸುತ್ತಾ,

ತಮ್ಮ ವಿಶ್ವಾಸಿ, ತಮ್ಮ ಬಂಡಿಯ ಹಿಂದಿನ ಭಾರ,
ಎನೋಕ್ ಗೈಸ್ಲರ್

ತಾ.ಕ.: ತಮಗೆ ಓದಲು ಬಾರದೆಂಬುದು ರುಜು ಹಾಕಿದ ಮೇಲೆ ನೆನಪಾಯಿತು, ತಾವು ಇದನ್ನು ತಿನ್ನುವ ಸಂಭವವೇ ಹೆಚ್ಚು. ಆದ್ದರಿಂದ, ಇವತ್ತು ನಸುಕಿಗೆ ತಾವು ಎಡಕ್ಕೇ ತಿರುಗಿ ನನ್ನನ್ನು ತಲುಪಿಸಿದ ನುವಾರ್ಸುಕ್ ಅಂಗಡಿಯ ಬಾಗಿಲಿಗೆ, ಬೆಳಿಗ್ಗೆ ಬೀಗ ತೆಗೆಯುವವರ ಕಣ್ಣಿನ ಮಟ್ಟಕ್ಕೆ ಅಂಟಿಸಿದ್ದೇನೆ. ಊರಿನ ಉಳಿದವರೂ ಓದಿ ನಗಲಿ, ಅದಕ್ಕೆ ಅವರಿಗೆ ಹಕ್ಕಿದೆ. ಬೀಗ ತೆಗೆಯುವವರೇ, ಕೀಲಿ ಕೈಯಲ್ಲಿ ಹಿಡಿದು ಇಷ್ಟು ದೂರ ಓದಿದ್ದರೆ ಇನ್ನು ಮುಂದಿನದು ನಿಮಗೆ. ಹೋಗಬೇಡಿ. ನನ್ನ ಜೊತೆ ಇದ್ದುಬಿಡಿ. ಇದನ್ನು ಬಾಯಲ್ಲಿ ಹೇಳಲಾರದ ಮನುಷ್ಯ ನಿಮ್ಮ ಬೆನ್ನ ಹಿಂದೆ ಬಂಡಿಯ ಮೇಲೆ ಕೂತಿದ್ದಾನೆ. ತಿರುಗಿ ನೋಡಿ, ಬೇಗ ನೋಡಿ. ನಾಯಿಗಳಿಗೆ ಏನೂ ತೊಂದರೆಯಿಲ್ಲ, ಚಳಿಯಾಗುತ್ತಿರುವುದು ನನಗೆ.